ಪಂಢರಿನಾಥ ಕಾಕಾರ ಪೇಟಿಯಲ್ಲಿ ಬಾಖ್

ಪುಣೆಯ ಧನಕವಡಿಯ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಪಂಢರಿನಾಥ ಕಾಕಾ ಇದ್ದಾರೆ. ಧಾರವಾಡದವರು. ಹತ್ತೊಂಬತ್ತನೆಯ ವಯಸ್ಸಿಗೆ ಪುಣೆಗೆ ಬಂದು ಸೋದರಮಾವನ ಅಂಗಡಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಕಲಿತರು. ಈಗ ಅರವತ್ತಾರು. ಎಷ್ಟೋ ಗಾಯಕರ ಪೇಟಿಗಳಿಗೆ ಶ್ರುತಿ ಕೂಡಿಸಿಕೊಟ್ಟಿದ್ದಾರೆ. ಜನರೆದುರು ತಾವು ಕುಳಿತು ನುಡಿಸಿದ್ದು ಮಾತ್ರ ಒಮ್ಮೆಯೂ ಇಲ್ಲ.

ಅವರ ಪಡಸಾಲೆಯ ಅರ್ಧ ಜಾಗವನ್ನು ಮುಚ್ಚಿಹೋದ ನಾಟಕ ಕಂಪನಿಯೊಂದರ ಹಳೆಯ ಆರ್ಗನ್ ತಿಂದಿದೆ. ಎರಡೂ ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಪೇಟಿ. ಸಂಜೆ ಅವರ ಹೆಂಡತಿ ಭಾಮಾ ಕಾಕು ದೇವರನಾಮ ಹಾಡುವಾಗ ಕಾಕಾ ಅದರಲ್ಲಿ ಸ್ವರ ಹಿಡಿಯುತ್ತಾರೆ.

ನನ್ನ ಎಂಟು ವರ್ಷದ ಮಗಳು ಇಂಪನಾ ಕೀಬೋರ್ಡ್ ಕ್ಲಾಸಿನಿಂದ ಬಂದವಳೇ ಮೊದಲು ಹೋಗುವುದು ಅವರ ಮನೆಗೆ. ಜನವರಿಯಲ್ಲೊಂದು ದಿನ ಮಂಜರಿ ಟೀಚರ್ ಹೇಳಿದ ಕಥೆಯನ್ನು ಅಲ್ಲಿ ಒಪ್ಪಿಸಿದಳು.

"ಅಜ್ಜಾ, ಜರ್ಮನಿಯೊಳಗ ಬಾಖ್ ಅಂತ ಒಬ್ಬಾಂವ ಇದ್ದಾ. ಸಣ್ಣಾಂವ ಇದ್ದಾಗನ ಅವ್ವ ಅಪ್ಪ ಇಬ್ಬರೂ ಹೋದ್ರು. ಒಬ್ಬರ ಆರ್ಗನ್ ಕೇಳಾಕ ನಾಕ್ನೂರು ಕಿಲೋಮೀಟರ್ ನಡಕೋತ ಹೋಗಿದ್ದನಂತ! ಇಪ್ಪತ್ತು ಮಕ್ಕಳಂತ ಅವಗ!"

"ನಡದದ್ದು ಇರ್ಲಿ," ಎಂದರು ಕಾಕು. "ಆ ಇಪ್ಪತ್ತು ಮಂದಿಗೆ ಉಣ್ಣಾಕ ಹಾಕಿದಾಕಿ ಹೆಸರು ಹೇಳ್ಯಾರೇನು ನಿಮ್ಮ ಟೀಚರ್?"

"ಹೊಸ ಆರ್ಗನ್ ಬಂದ್ರ ಪರೀಕ್ಷಾ ಮಾಡಾಕ ಅವನ್ನ ಕರೀತಿದ್ರಂತ. ತನ್ನ ವಾದ್ಯದ ಶ್ರುತಿ ತಾನ ಮಾಡಕೋತಿದ್ನಂತ," ಎಂದು ಇಂಪನಾ ಮುಂದುವರಿಸಿದಳು.

ಕಾಕಾ ಎದ್ದು ಕುಳಿತರು. "ಹಂಗಾರ ನಮ್ಮ ಕಸಬಿನಾಂವ!"

ಕಾಕಾರಿಗೆ ಬಾಖ್‌ನ ಹುಚ್ಚು ಹಿಡಿಯಿತು. ಅವರಿಗೆ ಪಾಶ್ಚಾತ್ಯ ಸಂಗೀತದ ಬರಹ ಓದಲು ಬಾರದು. ಇಂಪನಾ ಪೇಟಿಯ ಒಂದೊಂದೇ ಮನೆ ಒತ್ತಿ ತೋರಿಸುವುದು, ಕಾಕಾ ಅದನ್ನು ಸಾ ರೇ ಗ ಮ ಎಂದು ಬರೆದುಕೊಳ್ಳುವುದು. ಬಲಗೈಗೆ ಕೆಂಪು ಶಾಯಿ, ಎಡಗೈಗೆ ನೀಲಿ. ಅವಳು ಕ್ಲಾಸಿನಲ್ಲಿ ಕಲಿತಿದ್ದ ಬಾಖ್‌ನ ಒಂದೂವರೆ ಪುಟದ ಪುಟ್ಟ ರಚನೆಗೆ ಎರಡು ತಿಂಗಳು ಹಿಡಿಯಿತು. ಮಾರ್ಚ್ ಇಪ್ಪತ್ತೊಂದು ಬಾಖ್‌ನ ಜನ್ಮದಿನ. ಅಂದು ನಮ್ಮ ಪಾರ್ಕಿಂಗಿನಲ್ಲೇ ಮಕ್ಕಳ ಕಾರ್ಯಕ್ರಮ ಇಟ್ಟ ಟೀಚರ್, ಕಾಕಾರ ಹೆಸರನ್ನೂ ಸೇರಿಸಿದರು. ಹಾಲಿನವನಿಂದ ಹಿಡಿದು ಎಲ್ಲರಿಗೂ ಕಾಕಾ ಹೇಳಿದ್ದೇ ಹೇಳಿದ್ದು: "ನಂದು ಮೊದಲನೇ ಕಚೇರಿ. ಬರ್ರಿ."

ನಾಲ್ಕು ದಿನ ಮೊದಲು ಟೀಚರ್ ಕಾಕಾ ನುಡಿಸುವುದನ್ನು ಕೇಳಲು ಬಂದರು. ಮೊದಲರ್ಧ ಜೇನು. ಎರಡನೆಯ ಅರ್ಧದಲ್ಲಿ ರಿಷಭ ಧೈವತ ಒಟ್ಟಿಗೆ ಬಂದದ್ದೇ ತಡ, ಹಸಿ ಹುಣಸೆಕಾಯಿ ಕಚ್ಚಿದ ಹಾಗಾಯಿತು. ಕಾಕಾ ತಮ್ಮ ಜೀವಮಾನದ ರೂಢಿಯಂತೆ, ಎಲ್ಲ ಸ್ವರಗಳನ್ನೂ ಒಂದೇ ಷಡ್ಜಕ್ಕೆ ಇಂಪಾಗಿ ಕೂಡಿಸಿದ್ದರು. ನಮ್ಮ ಷಡ್ಜ ಕುಳಿತಲ್ಲಿಂದ ಏಳುವುದಿಲ್ಲ. ಬಾಖ್‌ನ ಷಡ್ಜ ಮಧ್ಯದಲ್ಲೆದ್ದು ಪಂಚಮದ ಮನೆಗೆ ಹೋಗಿ ಕೂರುತ್ತದೆ.

ಕೀಬೋರ್ಡ್ ತಂದುಕೊಡುತ್ತೇನೆ ಎಂದು ಟೀಚರ್ ಮರಾಠಿಯಲ್ಲಿ ಮೆಲ್ಲಗೆ ಹೇಳಿ ಹೋದರು.

"ಪ್ಲಾಸ್ಟಿಕ್ ಡಬ್ಬಿ ಬಾರಿಸಾಕ ಅರವತ್ತಾರು ವರ್ಷ ಕಾದೆನೇನು?" ಎಂದು ಕಾಕಾ ನನ್ನ ಮೇಲೆ ಹರಿಹಾಯ್ದರು.

ಉಪಾಯ ಅವರಿಗೆ ಗೊತ್ತಿತ್ತು. ಒಳಗೆ ಗಾಳಿಗೆ ನುಡಿಯುವ ಹಿತ್ತಾಳೆಯ ಪಟ್ಟಿಗಳನ್ನು, ಅಂದರೆ ರೀಡುಗಳನ್ನು, ಕೆರೆದು ಪ್ರತಿ ಸ್ವರವನ್ನೂ ಕೂದಲೆಳೆಯಷ್ಟು ಸರಿಸಿದರೆ, ಷಡ್ಜ ಎಲ್ಲಿ ಕೂತರೂ ನಡೆಯುತ್ತದೆ; ಹಳೆಯ ಇಂಪು ಮಾತ್ರ ಹೋಗುತ್ತದೆ. ಆದರೆ ರೀಡುಗಳು ಹಳೆಯವು, ಆಗಲೇ ತೆಳ್ಳಗಾದವು. ಇನ್ನೊಂದೇ ಸಲ ತಾಳಿಯಾವು. ಮತ್ತೆ ಹಿಂದಿನಂತೆ ಮಾಡಹೋದರೆ ಮುರಿಯುತ್ತವೆ. ಮರುದಿನ ನಾನು ಚಪಾತಿ ಕೊಡಲು ಹೋದಾಗ ಕಾಕಾ ಪೇಟಿ ಬಿಚ್ಚಿಕೊಂಡು, ಕೆರೆಯುವ ಅರ ಹಿಡಿದು ರೀಡುಗಳನ್ನೇ ನೋಡುತ್ತ ಕುಳಿತಿದ್ದರು.

"ಏನ್ರಿ, ರೀಡಿಗೆ ಪೂಜಾ ನಡಶೀರೇನು?" ಎಂದರು ಕಾಕು.

"ಕೆರದ್ರ ನಿನ್ನ ಗಂಧಾರ ಹೋಗತದ. ತಿರುಗಿ ಬರಂಗಿಲ್ಲ. ನಲವತ್ತು ವರ್ಷ ಅದರ ಕೂಡ ಹಾಡೀದಿ."

"ನನ್ನ ಗಂಧಾರ ನನ್ನ ಗಂಟಲದಾಗ ಅದ ರೀ. ನೀವು ಇಷ್ಟು ಮಂದಿನ್ನ ಕರದು ಕೂತೀರಿ. ಕೆರೀರಿ ಸುಮ್ಮನ."

ಎರಡು ದಿನ ಕೆರೆದರು. ಎರಡನೆಯ ದಿನ ಸಂಜೆ ಕಾಕು ಗೋಡೆಯ ತಂಬೂರಿ ಇಳಿಸಿ, ಧೂಳು ಒರೆಸಿ, ಅದರ ಶ್ರುತಿಗೇ ಹಾಡಿಕೊಂಡರು.

ಇಪ್ಪತ್ತೊಂದರ ಸಂಜೆ ನಾಲ್ವರು ಪೇಟಿಯನ್ನು ಪಾರ್ಕಿಂಗಿಗೆ ಹೊತ್ತು ತಂದರು. ಕಾಕಾ ಹೊಸ ಜುಬ್ಬಾ ಹಾಕಿ ಕುಳಿತರು. ಎರಡನೆಯ ಅರ್ಧ ಬಂತು. ಇಂಪನಾ ನನ್ನ ಕೈ ಚಿವುಟಿದಳು. ಷಡ್ಜ ಎದ್ದು ಹೋಯಿತು, ಕೂತಿತು, ಮರಳಿ ಬಂತು, ಎಲ್ಲೂ ಹುಳಿಯಿಲ್ಲ. ಚಪ್ಪಾಳೆ ಬಿತ್ತು. ಕಾಕಾ ಏಳಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದರು. ಮೂರನೆಯ ಸಲವೂ ಕಾಲು ತುಳಿಯತೊಡಗಿದಾಗ ಭಾಮಾ ಕಾಕು ಕೂತಲ್ಲಿಂದಲೇ ಕೂಗಿದರು:

"ಇನ್ನ ಏಳ್ರಿ! ಹುಡುಗರು ಪಾಳಿ ಹಚ್ಚಿ ನಿಂತಾರ."