ಪರದೆಯೊಳಗಿನ ಪಾಳಿ

ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಮೇಸ್ತ್ರಿಯಾಗಿದ್ದ ಭೂತಯ್ಯನ ಮಗಳು ರುದ್ರಾಣಿ. ತೊಂಬತ್ತೊಂಬತ್ತರ ಕೊನೆಗೆ ವಿಮಾನವೊಂದರ ಅಪಹರಣವಾದ ಮೇಲೆ ವಿಮಾನ ನಿಲ್ದಾಣಗಳ ಕಾವಲು ಕೇಂದ್ರದ ಪಡೆಗೆ ಹೋಯಿತು. ಹೆಂಗಸರನ್ನು ತಪಾಸಣೆ ಮಾಡಲು ಹೆಂಗಸರೇ ಬೇಕಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಫಿ ಕುಯ್ಯಲು ಹೋಗುತ್ತಿದ್ದ ರುದ್ರಾಣಿಗೂ ಆ ಪಡೆಯಲ್ಲಿ ಕೆಲಸ ಸಿಕ್ಕಿತು. ಭೂತಯ್ಯ ಕೂಲಿ ಲೈನಿನ ಮನೆಮನೆಗೂ ಮೈಸೂರುಪಾಕು ಹಂಚಿದ.

ಉತ್ತರದ ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ಅವಳ ಪಾಲಿಗೆ ಬಂದದ್ದು ಪರದೆ ಕಟ್ಟಿದ ಒಂದು ಗೂಡು, ಒಂದು ಮರದ ಮಣೆ. ಹೆಂಗಸರು ಒಬ್ಬೊಬ್ಬರಾಗಿ ಮಣೆ ಹತ್ತಿ ಕೈ ಅಗಲಿಸಬೇಕು, ಇವಳು ಕುತ್ತಿಗೆಯಿಂದ ಕಾಲಿನವರೆಗೆ ಸವರಿ ನೋಡಬೇಕು. ಪಾಳಿಯೊಂದಕ್ಕೆ ಐನೂರು ಮೈ. ಬೆವರು, ಅತ್ತರು, ರವಿಕೆಯ ಪಿನ್ನು, ಕಂಕುಳಲ್ಲಿ ಅಳುವ ಕೂಸು. ಬಗ್ಗಿ ಎದ್ದು ಸೊಂಟ ಹಿಡಿದುಹೋಯಿತು. ಐದು ವರ್ಷದಲ್ಲಿ ಅವಳ ಕೈಗೆ ಸಿಕ್ಕ ಆಯುಧವೆಂದರೆ ಅಜ್ಜಿಯೊಬ್ಬಳ ಅಡಕತ್ತರಿ.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ಎಲ್ಲೆಲ್ಲೂ ಕಟ್ಟೆಚ್ಚರ. ಪ್ರತಿಯೊಬ್ಬರನ್ನೂ ಎರಡೆರಡು ಸಲ ನೋಡಬೇಕೆಂದು ಹುಕುಂ ಬಂತು. ಹಾಗೆ ಎರಡನೇ ಸಲ ಸವರುವಾಗ, ಐವತ್ತರ ಆಸುಪಾಸಿನ ಒಬ್ಬಾಕೆಯ ಎಡಗಂಕುಳ ಕೆಳಗೆ ಕಾಫಿ ಕಾಯಿಯಂಥ ಗಟ್ಟಿ ಗಂಟು ಬೆರಳಿಗೆ ತಾಗಿತು. ರುದ್ರಾಣಿ ದನಿ ತಗ್ಗಿಸಿ, ತನ್ನ ಹರಕುಮುರುಕು ಹಿಂದಿಯಲ್ಲಿ, "ಇಲ್ಲೊಂದು ಗಂಟಿದೆ, ಡಾಕ್ಟರಿಗೆ ತೋರಿಸಿ" ಅಂದಳು. ಆಕೆ ಕೈ ಕೊಡವಿ ಮಣೆಯಿಂದಿಳಿದು ಕೂಗಾಡಿದಳು. ಎಲ್ಲೆಲ್ಲೋ ಮುಟ್ಟಿದಳೆಂದು ದೂರು ಬರೆದುಕೊಟ್ಟೇ ವಿಮಾನ ಹತ್ತಿದಳು.

"ನಿನ್ನ ಕೆಲಸ ಆಯುಧ ಹುಡುಕುವುದು, ಕಾಯಿಲೆಯಲ್ಲ" ಎಂದ ಅಧಿಕಾರಿ, ಕ್ಷಮಾಪಣೆ ಬರೆಸಿಕೊಂಡ.

ಆಮೇಲೆ ಇನ್ನೂ ಇಬ್ಬರ ಮೈಯಲ್ಲಿ ಅಂಥದೇ ಗಂಟು ಕೈಗೆ ಸಿಕ್ಕಿತು. ರುದ್ರಾಣಿ ಬಾಯಿ ಬಿಡಲಿಲ್ಲ. ಅವರ ಪ್ರಯಾಣದ ಚೀಟಿಗೆ ತಪಾಸಣೆಯ ಮುದ್ರೆ ಒತ್ತಿ ಕಳಿಸಿದಳು.

ಜನವರಿಯಲ್ಲಿ ರಜೆ ಸಿಕ್ಕಿ ಊರಿಗೆ ಬಂದಳು. ಕುಯ್ಲಿನ ಕಾಲ, ತೋಟದಿಂದ ಬಂದ ತಾಯಿ ಸಿದ್ದಗಂಗಮ್ಮ, "ಬೆನ್ನಿಗೊಂಚೂರು ಎಣ್ಣೆ ತಿಕ್ಕೇ ಮಾರಾಯ್ತಿ" ಎಂದು ಬೆನ್ನು ಕೊಟ್ಟು ಕೂತಳು. ರುದ್ರಾಣಿಯ ಕೈ ತಾನಾಗಿಯೇ ಕುತ್ತಿಗೆ, ಕಂಕುಳು, ಪಕ್ಕೆ ಎಂದು ಇಳಿಯತೊಡಗಿತು.

"ಏನೇ ಹುಡುಕ್ತಿದೀಯ? ನನ್ ಹತ್ರ ಏನೈತೆ ಅಂತ?"

ರುದ್ರಾಣಿ ಕೈ ತೆಗೆದಳು. ನಡೆದದ್ದನ್ನೆಲ್ಲ ಹೇಳಿದಳು. ಸಿದ್ದಗಂಗಮ್ಮ ಸೆರಗು ಹೊದ್ದು ಇತ್ತ ತಿರುಗಿ, "ಆ ಇಬ್ರು ಏನಾದ್ರೋ" ಅಂದಳು.

"ಗೊತ್ತಿಲ್ಲ ಅವ್ವ. ಮುಖಾನೂ ನೆನಪಿಲ್ಲ."

ಬಾಗಿಲಲ್ಲಿ ಬೀಡಿ ಸೇದುತ್ತ ಕೂತಿದ್ದ ಭೂತಯ್ಯ, "ಸಾಕಾಗಿದ್ರೆ ಬಿಟ್ಟು ಬಾ ಮಗ. ತೋಟದ ದೊರೆಗಳ ಹತ್ರ ಕೆಲ್ಸಕ್ಕೆ ಹೇಳ್ತೀನಿ" ಅಂದ.

"ಪಿಂಚಣಿಗೆ ಇನ್ನೂ ಹದಿನಾಲ್ಕು ವರ್ಷ ಐತಪ್ಪ."

ವಾಪಸು ಹೋದವಳು ಸಾಮಾನು ನೋಡುವ ಯಂತ್ರದ ಮುಂದೆ ಕೂರಿಸಿ ಎಂದು ಅರ್ಜಿ ಕೊಟ್ಟಳು. ಮೈ ತಪಾಸಣೆಗೆ ಹೆಂಗಸರೇ ಸಾಲದೆಂದು ಅದು ತಿರುಗಿ ಬಂತು. ಮತ್ತೆ ಪರದೆಯೊಳಗೇ ನಿಂತಳು. ಕೈಗೆ ಗಂಟೇನಾದರೂ ಸಿಕ್ಕರೆ, ಮುದ್ರೆ ಒತ್ತುವಾಗ ಎರಡೇ ಮಾತಿನಲ್ಲಿ ಹೇಳಿಬಿಡುವಳು. ಕೆಲವರು ಬೈದರು, ಒಬ್ಬಾಕೆ ಅವಳ ಕೈ ಹಿಡಿದು ಅತ್ತಳು. ಮತ್ತೊಂದು ದೂರೂ ಬಂತು. ಆ ಸಲ ಬಡ್ತಿ ಎರಡು ವರ್ಷ ಮುಂದೆ ಹೋಯಿತು. ರುದ್ರಾಣಿ ಕಾಗದಕ್ಕೆ ಸಹಿ ಹಾಕಿ, ಸೊಂಟಕ್ಕೆ ಬೆಲ್ಟು ಬಿಗಿದು ಪಾಳಿಗೆ ಹೋದಳು. ಪರದೆಯ ಹೊರಗೆ ಹೆಂಗಸರ ಸಾಲು ಬಾಗಿಲಿನವರೆಗೆ ಬೆಳೆದಿತ್ತು.