ಸೋಮವಾರದ ನೀಲಿ ಹೊಗೆ

ನನ್ನ ಗಂಡ ಶಾಲೆಯ ಮಾಸ್ತರರು. ಚಿಕ್ಕೋಡಿಯಿಂದ ರಾಯಬಾಗದ ಕಡೆಯ ಒಂದು ಹಳ್ಳಿಗೆ ದಿನಾ ಹೋಗಿ ಬರುತ್ತಿದ್ದರು. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಂದ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡರು. ಅದು ಓಡಿದ್ದಕ್ಕಿಂತ ವ್ಯಾಪಾರಿಯ ಅಂಗಳದಲ್ಲಿ ನಿಂತದ್ದೇ ಹೆಚ್ಚು. ಕಡಿಮೆ ಓಡಿದ ಗಾಡಿ ಸಿಕ್ಕಿತೆಂದು ಇವರಿಗೆ ಹೆಮ್ಮೆ.

ಸ್ವಲ್ಪ ದಿನಕ್ಕೆ ಅದು ಆಯಿಲ್ ಕುಡಿಯಲು ಶುರು ಮಾಡಿತು. ಹದಿನೈದು ದಿನಕ್ಕೊಮ್ಮೆ ಅಳತೆಯ ಕಡ್ಡಿ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ಅಂಗಳದ ಫರಸಿಕಲ್ಲಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಊರಿನ ಗ್ಯಾರೇಜಿನವನು ಎಂಜಿನ್ನಿಗೆ ಕಿವಿಗೊಟ್ಟು, "ಪಿಸ್ಟನ್ ರಿಂಗ್ ಹೋಗ್ಯಾವ್ರಿ ಸರ. ಎಂಜಿನ್ ಪೂರಾ ಬಿಚ್ಚಬೇಕಾಗ್ತೈತಿ" ಅಂದ. ಇವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಕಾರಿನ ಮೂತಿ ರಸ್ತೆಯ ಕಡೆಗೆ ಇರುತ್ತಿದ್ದುದರಿಂದ ಬೆಳಿಗ್ಗೆ ಅದರ ಹೊಗೆಯೆಲ್ಲ ಮನೆಯ ಕಡೆಗೇ ಬರುತ್ತಿತ್ತು. ಒಣಹಾಕಿದ ಬಟ್ಟೆಗೆ ವಾಸನೆ ಹತ್ತುತ್ತಿತ್ತು. ಗೋಡೆಯ ಬುಡದಲ್ಲಿ ಕಪ್ಪು ಕಲೆ ಬಿದ್ದಿತ್ತು. ಈ ಮಾತನ್ನು ನಾನು ಎರಡು ಮೂರು ಸಲ ಎತ್ತಿದ್ದೆ.

"ಗಾಡಿ ಅಂದ್ ಮ್ಯಾಲ ಹೊಗಿ ಬರ್ತೈತಿ. ಅರಬಿ ಹಿತ್ತಲದಾಗ ಒಣಾಕು" ಅಂದಿದ್ದರು ಅವರು. ನಾನು ಹಗ್ಗ ಬಿಚ್ಚಿ ಹಿತ್ತಲಲ್ಲಿ ಕಟ್ಟಿಕೊಂಡೆ. ಸಿಟ್ಟು ಬಂದಿತ್ತು, ಆದರೆ ಎಂಜಿನ್ನಿನ ವಿಷಯದಲ್ಲಿ ಏನು ವಾದ ಮಾಡುವುದು?

ಅದೇ ತಿಂಗಳು ನನ್ನ ತವರು ಅಥಣಿಗೆ ಹೋದೆವು. ದಾರಿಯಲ್ಲಿ ಏರು ಬಂದಾಗಲೆಲ್ಲ ಎಂಜಿನ್ ಟಕಟಕ ಎಂದು ಬಡಿಯುತ್ತಿತ್ತು. ನನ್ನ ಅಣ್ಣ ತನಗೆ ಪರಿಚಯದ ಗಾಡಿ ರಿಪೇರಿ ಮಿಸ್ತ್ರಿಯ ಬಳಿ ನಮ್ಮನ್ನು ಕಳಿಸಿದ. ಅರವತ್ತು ದಾಟಿದ, ಮರಾಠಿ ಕನ್ನಡ ಎರಡನ್ನೂ ಬೆರೆಸಿ ಮಾತಾಡುವ ಮನುಷ್ಯ. ಆತ ಬಾನೆಟ್ ಎತ್ತಲೇ ಇಲ್ಲ. ಮೊದಲು ಪ್ರಶ್ನೆ ಕೇಳಿದ.

"ಮುಂಜಾನೆ ಚಾಲೂ ಮಾಡಿದಾಗ ಹೊಗಿ ಯಾವ ಬಣ್ಣದ್ದು ಬರ್ತೈತ್ರಿ ಸರ?"

"ನಾ ಒಳಗ ಕುಂತಿರ್ತೀನಲ್ಲಪಾ. ನನಗೆಲ್ಲಿ ಕಾಣಬೇಕು?" ಅಂದರು ಇವರು.

ನಾನು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. "ನೀಲಿ ರೀ" ಅಂದೆ.

ಮಿಸ್ತ್ರಿ ನನ್ನ ಕಿಟಕಿಯ ಹತ್ತಿರ ಬಂದ. "ದಿನಾ ಬರ್ತೈತೇನ್ರಿ ವೈನಿ?"

"ದಿನಾ ರೀ. ಚಾಲೂ ಮಾಡಿದ ಕೂಡಲೇ ಭಸ್ ಅಂತ ಬರ್ತೈತಿ, ಹತ್ತು ಎಣಸೂದ್ರಾಗ ನಿಂತು ಹೋಗ್ತೈತಿ. ಸೋಮವಾರ ಮಾತ್ರ ಭಾಳ."

"ಸೋಮವಾರ ಯಾಕ?"

"ಐತವಾರ ಗಾಡಿ ಹೊರಗ ತಗಿಯಂಗಿಲ್ಲಲ್ರಿ."

ಗೋಡೆಯ ಬುಡದ ಕಲೆಯ ಬಗ್ಗೆ ನಾನು ಹೇಳಿದಾಗ ಆತ ಕೇಳಿದ. ಒಣ ಮಸಿಯೋ, ಜಿಗಟೋ ಎಂದು. ಜಿಗಟು, ಸಾಬೂನು ಹಾಕಿ ತಿಕ್ಕಿದರೂ ಹೋಗಿಲ್ಲ ಅಂದೆ. ಆತ ಇವರ ಕಡೆ ತಿರುಗಿ, "ರಿಂಗ್ ಹೋಗಿದ್ರ ಹೊಗಿ ಹಿಂಗ ನಿಲ್ತಿದ್ದಿಲ್ರಿ ಸರ, ದಾರಿತುಂಬ ಬರ್ತಿತ್ತು. ಇದು ಗಾಡಿ ನಿಂತಾಗ ಮ್ಯಾಲಿಂದ ಸೋರಿದ ಆಯಿಲ್. ಮುಂಜಾನೆ ಒಮ್ಮೆ ಸುಟ್ಟು ಹೋಗ್ತೈತಿ. ಆಯಿಲ್ ತಡಿಯೂ ವಾಲ್ವಿನ ರಬ್ಬರ್ ಸೀಲ್ ಹೋಗಿರಬೇಕು. ಆದ್ರ ಬರೇ ಮಾತಿನ ಮ್ಯಾಲ ನಾ ಬಿಚ್ಚಂಗಿಲ್ಲ" ಅಂದ.

ಬಾನೆಟ್ ಎತ್ತಿ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಒಂದು ಚಿಂದಿಯ ಮೇಲೆ ಸಾಲಾಗಿ ಇಟ್ಟ. ಎರಡು ಒಣಗಿ ಕಂದು ಬಣ್ಣದವಾಗಿದ್ದವು, ಎರಡು ಎಣ್ಣೆಯಲ್ಲಿ ತೊಯ್ದು ಕರಿ ಹಿಡಿದಿದ್ದವು. ಪ್ಲಗ್ಗಿನ ತೂತಿಗೆ ಒತ್ತಡ ಅಳೆಯುವ ಗೇಜು ಹಚ್ಚಿ, ಇವರಿಗೆ ಚಾವಿ ತಿರುಗಿಸಲು ಹೇಳಿದ. ನಾಲ್ಕರಲ್ಲೂ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿತು. ಒತ್ತಡ ಎಲ್ಲೂ ಸೋರುತ್ತಿರಲಿಲ್ಲ, ಅಂದರೆ ರಿಂಗುಗಳು ನೆಟ್ಟಗಿದ್ದವು.

ಮೂರು ದಿನ ತವರಿನಲ್ಲೇ ಉಳಿದೆವು. ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿದ ದಿನ ಮಿಸ್ತ್ರಿ ನನ್ನನ್ನೂ ಕರೆಸಿದ. ವಾಲ್ವುಗಳ ಬೆನ್ನಿಗೆ ಸುಟ್ಟ ಆಯಿಲ್ಲಿನ ಇಂಗಾಲ ತಳ ಹತ್ತಿದ ಹಾಲಿನ ಪಾತ್ರೆಯಂತೆ ಗಟ್ಟಿಯಾಗಿ ಕೂತಿತ್ತು. ಪಿಸ್ಟನ್ನಿನ ತಲೆಯ ಮೇಲೂ ಅದೇ. ಏರಿನಲ್ಲಿ ಬಡಿಯುತ್ತಿದ್ದದ್ದು ಅದರಿಂದಲೇ ಎಂದ. ಹಳೆಯ ಸೀಲೊಂದನ್ನು ನನ್ನ ಅಂಗೈಗೆ ಹಾಕಿದ. ಉಗುರಿನಿಂದ ಒತ್ತಿದೆ, ರಬ್ಬರು ಬಾಗದೆ ಚಟ್ಟನೆ ಮುರಿಯಿತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಹೀಗೇ ಆಗುತ್ತದಂತೆ. ಆತ ಇಂಗಾಲವನ್ನೆಲ್ಲ ಕೆರೆದು ತೆಗೆದು, ಹೊಸ ಸೀಲುಗಳನ್ನು ಹಾಕಿ ಹೆಡ್ ಮತ್ತೆ ಕೂರಿಸಿದ.

ಮರಳುವಾಗ ಏರಿನಲ್ಲಿ ಸದ್ದಿರಲಿಲ್ಲ. ಇವರು ಏರು ದಾಟಿಸಿ ಗೇರ್ ಬದಲಿಸಿದರು. ಆಮೇಲೆ, "ಸೋಮವಾರದ್ದು ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದರು.

"ನೀವು ಅರಬಿ ಹಿತ್ತಲದಾಗ ಒಣಾಕು ಅಂದ್ರಿ" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ, ಸ್ವಲ್ಪ ದೂರ ಹೋದ ಮೇಲೆ ಬಂತು.

ಮರುದಿನ ಬೆಳಿಗ್ಗೆ ಚಾವಿಯನ್ನು ನನ್ನ ಕೈಗೆ ಕೊಟ್ಟು, ತಾವು ಕಾರಿನ ಹಿಂದೆ ಹೋಗಿ ನಿಂತರು. ನಾನು ಅದುವರೆಗೆ ಯಾವ ಗಾಡಿಯನ್ನೂ ಚಾಲೂ ಮಾಡಿದವಳಲ್ಲ. ಕ್ಲಚ್ ಒತ್ತಿ ಹಿಡಿಯಲು ಹೇಳಿದರು. ಚಾವಿ ತಿರುಗಿಸಿದೆ. ನೀರಾವಿಯಂಥ ಸ್ವಲ್ಪ ಬಿಳಿ ಹೊಗೆ ಬಂದು ಹೋಯಿತು ಎಂದು ಹಿಂದಿನಿಂದ ಕೂಗಿದರು. ನೀಲಿ ಬರಲಿಲ್ಲ.

ಆಮೇಲೂ ಆಯಿಲ್ ಒಂದಿಷ್ಟು ಕಡಿಮೆಯಾಗುತ್ತಿತ್ತು. ಹಳೆಯ ಗಾಡಿಗೆ ಅಷ್ಟು ಇದ್ದದ್ದೇ ಎಂದು ಮಿಸ್ತ್ರಿ ಮೊದಲೇ ಹೇಳಿದ್ದ. ಪ್ರತಿ ಭಾನುವಾರ ಕಡ್ಡಿ ಎಳೆದು ನೋಡುವ ಕೆಲಸ ನನಗೆ ಬಂತು. ಕಾರನ್ನು ಮತ್ತೆ ಐದು ವರ್ಷ ಓಡಿಸಿದೆವು.