ಮೂಳೆ ಮೇಡಂ ಹೇಳಿದ ಒಂದೇ ಸುಳ್ಳು

ಅವಳ ಅಪ್ಪ ಕಟುಕ. ಮರದ ಕೊರಡಿನ ಮೇಲೆ ಮಚ್ಚು ಬೀಳುವ ಸದ್ದಿಗೇ ಆ ಮನೆಯಲ್ಲಿ ಬೆಳಗಾಗುತ್ತಿತ್ತು. ಏಳು ವರ್ಷದವಳಿದ್ದಾಗ ಸೀಳಿದ ತೊಡೆಮೂಳೆಯೊಂದನ್ನು ಎತ್ತಿಕೊಂಡು, "ಅಪ್ಪಾ, ಒಳಗೆ ಕೆಂಪಗಿರೋದು ಏನಿದು?" ಎಂದು ಕೇಳಿದ್ದಳು. "ಅದಾ? ರಕ್ತದ ತವರುಮನೆ ಕಣೇ" ಎಂದಿದ್ದ ಆತ, ಕೈ ಒರೆಸಿಕೊಳ್ಳುತ್ತ. ಆತನಿಗೆ ಇದನ್ನು ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಮಾತು ಮಾತ್ರ ನಿಜ, ಮುಂದೆ ಅದೇ ಮಗಳ ಹೊಟ್ಟೆಪಾಡಾಯಿತು.

ಸಂಶೋಧನೆಗೆ ಸೇರಿದ ಮೊದಲ ಎಂಟು ವರ್ಷ ಅವಳು ಮಾಡಿದ್ದು ಇಲಿಗಳನ್ನು ಕೊಲ್ಲುವ ಕೆಲಸ. ಇಲಿಗೆ ವಿಕಿರಣ ಹಾಯಿಸಿ ಅದರ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಸುಡಬೇಕು. ಅರ್ಧದಷ್ಟು ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಬೇಕು. ಚುಚ್ಚದೆ ಬಿಟ್ಟವು ಹನ್ನೆರಡನೆಯ ದಿನದ ಹೊತ್ತಿಗೆ ಮೂಗು ಬಾಯಲ್ಲಿ ರಕ್ತ ಸೋರಿ ಸಾಯುತ್ತವೆ. ಬದುಕಿದವುಗಳಿಗಾದರೂ ಬಿಡುಗಡೆ ಉಂಟೇ? ಅವುಗಳ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಅದುಮಿ, ಬಾಲ ಹಿಡಿದು ಎಳೆದು, ಟಕ್ಕೆಂದ ಮೇಲೆ ಮೂಳೆ ಬಿಡಿಸಿ ನೋಡಬೇಕು. ಜೊತೆಯವರು ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದರು. ಇವಳು ಅಳುತ್ತಿರಲಿಲ್ಲ. "ಇಷ್ಟು ಓದಿಸಿ ಮನೆಗೆ ಇನ್ನೊಬ್ಬ ಕಟುಕನ್ನೇ ತಯಾರು ಮಾಡಿದ್ವಲ್ಲ" ಎಂದು ಅಮ್ಮ ಗೊಣಗುತ್ತಿದ್ದಳು.

ಆಮೇಲೆ ಮನುಷ್ಯರ ಸರದಿ ಬಂತು. ದೊಡ್ಡ ಆಸ್ಪತ್ರೆಯೊಂದರ ನಾಲ್ಕನೆಯ ಮಹಡಿಯಲ್ಲಿ ಅವಳಿಗೊಂದು ಪ್ರಯೋಗಾಲಯ ಸಿಕ್ಕಿತು, ಜೊತೆಗೆ 'ಮೂಳೆ ಮೇಡಂ' ಎಂಬ ಅಡ್ಡಹೆಸರೂ. ಕಸಿ ಎಂಬ ಮಾತು ಕೇಳಲು ಎಷ್ಟು ಮೃದು! ಮಾಡುವ ಕೆಲಸ ನೋಡಿದರೆ ಎದೆ ಝಲ್ಲೆನ್ನುತ್ತದೆ. ರಕ್ತದ ಕ್ಯಾನ್ಸರ್ ಬಂದವನ ಮಜ್ಜೆಯನ್ನು ವಿಷದಂಥ ಔಷಧಿಯಿಂದ ಪೂರ್ತಿ ಕೊಲ್ಲುತ್ತಾರೆ. ಬಾಯೊಳಗಿನ ಚರ್ಮ ಸುಲಿದು ಬರುತ್ತದೆ, ಎಂಜಲು ನುಂಗಿದರೂ ಜೀವ ಹೋದಂತಾಗುತ್ತದೆ. ಹೀಗೆ ಸಾವಿನ ಬಾಗಿಲ ತನಕ ಎಳೆದುಕೊಂಡು ಹೋದ ಮೇಲೆ ಒಡಹುಟ್ಟಿದವರದೋ ಇನ್ಯಾರದೋ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು, ಆ ಖಾಲಿ ಮೂಳೆಗಳನ್ನು ಸೇರಲೆಂದು ನರಕ್ಕೆ ಬಿಡುತ್ತಾರೆ. ಅವು ಬೇರೂರಿದರೆ ಮನುಷ್ಯ ಉಳಿದ. ಆದರೆ ಕೆಲವು ಸಲ ಹೊಸ ಕೋಶಗಳು ತಾವು ಬಂದಿಳಿದ ಮೈಯನ್ನೇ ಶತ್ರುವೆಂದು ತಿಳಿದು ತಿರುಗಿ ಬೀಳುತ್ತವೆ. ಆ ದಾಳಿಗೆ ಕಡಿವಾಣ ಹಾಕುವ ಔಷಧಿಯ ಅಳತೆ ಎಷ್ಟಿರಬೇಕು ಎಂಬುದೊಂದೇ ಪ್ರಶ್ನೆಯ ಬೆನ್ನು ಹತ್ತಿ ಅವಳು ಹನ್ನೊಂದು ವರ್ಷ ಸವೆಸಿದ್ದಳು.

ಅವಳದೊಂದು ಗುಣವಿತ್ತು. ಅದನ್ನು ಗುಣ ಅನ್ನಬೇಕೋ ಬೇಡವೋ ನನಗೆ ಗೊತ್ತಿಲ್ಲ. ಏನಿದ್ದರೂ ಕಡ್ಡಿ ಮುರಿದಂತೆ ಹೇಳಿಬಿಡುವವಳು. ವಿದ್ಯಾರ್ಥಿಗೂ ಅದೇ ಮಾತು, ಹೆತ್ತ ತಾಯಿಗೂ ಅದೇ ಮಾತು.

ಒಬ್ಬ ವೆಲ್ಡರ್ ತನ್ನ ತಂಗಿಗೆ ಕಾಂಡಕೋಶ ಕೊಟ್ಟಿದ್ದ. ಇಪ್ಪತ್ತಮೂರರ ಹುಡುಗಿ. ಕೋಶಗಳು ಹತ್ತಿದವು, ಕ್ಯಾನ್ಸರ್ ಹೇಳಹೆಸರಿಲ್ಲದೆ ಹೋಯಿತು, ವೆಲ್ಡರ್ ವಾರ್ಡಿನವರಿಗೆಲ್ಲ ಚಹಾ ಕುಡಿಸಿದ. ಐದನೆಯ ವಾರ ಅವಳ ಅಂಗೈ ಕೆಂಪಾಯಿತು. ಆಮೇಲೆ ಬೆನ್ನಿನ ಚರ್ಮ ಹಾಸಿಗೆಗೆ ಅಂಟಿಕೊಂಡು ಹಾಳೆ ಹಾಳೆಯಾಗಿ ಬಂತು, ಕರುಳಿನಿಂದ ರಕ್ತ ಹರಿಯಿತು. ಹದಿನೆಂಟು ದಿನ ಕಿರುಚಿ ಕಿರುಚಿ ಸತ್ತಳು. ಹೆಣವನ್ನು ಕೆಳಗೆ ಕಳಿಸಿ ಹತ್ತು ನಿಮಿಷವೂ ಆಗಿರಲಿಲ್ಲ. "ಕ್ಯಾನ್ಸರ್ ಹೋಗಿತ್ತಲ್ಲ ಮೇಡಂ, ಮತ್ತೇನಾಯ್ತು?" ಎಂದು ಅಣ್ಣ ಕೇಳಿದ. ಮೇಡಂ ವಿದ್ಯಾರ್ಥಿಗೆ ಹೇಳುವಂತೆ ಹೇಳಿದಳು. "ನಿನ್ನ ಸೆಲ್ಸ್ ತುಂಬಾ ಗಟ್ಟಿ ಕಣಪ್ಪ. ಕ್ಯಾನ್ಸರನ್ನ ಕೊಂದ್ವು, ಆಮೇಲೆ ನಿಲ್ಲಲಿಲ್ಲ, ಅವಳನ್ನೂ ಹೊಡೆದು ಹಾಕಿದ್ವು." ಇಷ್ಟು ಹೇಳಿ, ಚೆನ್ನಾಗಿಯೇ ವಿವರಿಸಿದೆ ಎಂದುಕೊಂಡು ಊಟಕ್ಕೆ ಹೋದಳು. ಆ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೂರು ವಾರ ಕಳೆದು ಒಂದು ಬೆಳಗ್ಗೆ ಬಸ್ ಡ್ರೈವರ್ ಒಬ್ಬನ ಕಸಿ ಇತ್ತು. ಆರು ದಿನದ ಔಷಧಿಗೆ ಅವನ ಮಜ್ಜೆ ಸುಟ್ಟು ಖಾಲಿಯಾಗಿತ್ತು. ಪಕ್ಕದಲ್ಲಿ ಯಾರಾದರೂ ಸೀನಿದರೂ ಸಾಯುವ ಸ್ಥಿತಿ. ದೂರದೂರಿನಿಂದ ಬಂದ ಅವನ ಅಕ್ಕ ತಿಂಗಳ ಹಿಂದೆಯೇ ಕೊಟ್ಟ ಕಾಂಡಕೋಶಗಳು ಅಂಗೈಯಗಲದ ಒಂದೇ ಚೀಲದಲ್ಲಿ ಹೆಪ್ಪುಗಟ್ಟಿದ್ದವು. ಮತ್ತೆ ಕೊಡಿಸೋಣವೆಂದರೆ ವಾರಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಅವನು ಉಳಿಯುವುದಿಲ್ಲ. ಚೀಲವನ್ನು ಬಿಸಿನೀರಿನಲ್ಲಿ ಕರಗಿಸಿದರೆ ಹದಿನೈದು ನಿಮಿಷದೊಳಗೆ ನರಕ್ಕೆ ಏರಿಸಲೇಬೇಕು. ತಡವಾದರೆ ಕೋಶಗಳು ಸಾಯುತ್ತವೆ. ಮೇಡಂ ಚೀಲ ಕರಗಿಸಿ ಹಿರಿಯ ನರ್ಸಮ್ಮನ ಕೈಗೆ ಕೊಟ್ಟಳು. ಅಷ್ಟರಲ್ಲಿ ಪ್ರಯೋಗಾಲಯದ ಬಾಗಿಲಿನ ಗಾಜು ಒಡೆಯಿತು.

ವೆಲ್ಡರ್ ಒಳಗೆ ಬಂದ. ಕೈಯಲ್ಲಿ ಕಬ್ಬಿಣದ ಸರಳು, ಮುಖದ ತುಂಬ ಮೂರು ವಾರದ ಗಡ್ಡ. ಮೊದಲ ಏಟಿಗೆ ಸೂಕ್ಷ್ಮದರ್ಶಕ ನೆಲ ಕಂಡಿತು, ಎರಡನೆಯದಕ್ಕೆ ಕಪಾಟಿನ ಗಾಜು ಮಳೆಯಂತೆ ಸುರಿಯಿತು. ನರ್ಸಮ್ಮನ ಹಣೆಯಿಂದ ರಕ್ತ ಇಳಿಯತೊಡಗಿತು. ಅವಳು ಚೀಲವನ್ನು ಏಪ್ರನ್ನಿನೊಳಗೆ ಸೇರಿಸಿ ಗೋಡೆಗೆ ಒತ್ತಿಕೊಂಡಳು.

"ಎಲ್ಲಿ ಆ ಚೀಲ?"

"ಅದು ಹೋಗ್ಬೇಕಪ್ಪ. ಇಲ್ದಿದ್ರೆ ಅವನು ಸಾಯ್ತಾನೆ," ಎಂದಳು ಮೇಡಂ.

"ಹೋದ್ರೂ ಸಾಯ್ತಾನೆ! ಅವನ ಅಕ್ಕನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ದಿನ ಕಳೆದೋನು ನಾನು. ಆ ಹೆಂಗಸಿಗೂ ನನಗೆ ಹೇಳಿದ್ದನ್ನೇ ಹೇಳ್ತೀರಿ, ನಿನ್ನ ಸೆಲ್ಲೇ ನಿನ್ನ ತಮ್ಮನ್ನ ತಿಂತು ಅಂತ. ನಾನು ಬಿಡಲ್ಲ."

ಅವನು ನರ್ಸಮ್ಮನ ಕಡೆ ತಿರುಗಿದ. ಏಪ್ರನ್ ಉಬ್ಬಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದವನೂ ಅವನೇ. ಹೊತ್ತು ಓಡುತ್ತಿತ್ತು. ಮೇಡಂ ಕೋಣೆಯ ಆ ತುದಿಗೆ, ಬಾಗಿಲಿನಿಂದ ಆದಷ್ಟು ದೂರಕ್ಕೆ ನಡೆದು ಹೋಗಿ ಕೂಗಿದಳು.

"ಏಯ್, ಇಲ್ಲಿ ನೋಡು! ನಿನ್ನ ತಂಗೀನ ಕೊಂದಿದ್ದು ನಾನು. ನಿನ್ನ ಸೆಲ್ಸ್ ಅಲ್ಲ. ಔಷಧಿ ಅಳತೆ ತಪ್ಪು ಬರೆದೆ. ಮುಚ್ಚಿ ಹಾಕೋಕೆ ನಿನ್ನ ತಲೆಗೆ ಕಟ್ಟಿದೆ."

ಸುಳ್ಳು. ಅಳತೆ ಸರಿಯಾಗಿಯೇ ಇತ್ತು.

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ನುಗ್ಗಿ ಬಂದ. ಅಡ್ಡ ಹಿಡಿದ ಬಲಗೈಯ ಮೇಲೆ ಸರಳು ಬಿತ್ತು. ಮೂಳೆ ಮುರಿಯುವ ಸದ್ದು ಅವಳಿಗೆ ಹೊಸದಲ್ಲ, ತನ್ನದೇ ಮೂಳೆಯದು ಮಾತ್ರ ಮೊದಲ ಸಲ ಕೇಳಿದಳು. ಎರಡನೆಯ ಏಟು ಅದೇ ಕೈಗೆ, ಮೂರನೆಯದು ಹೆಗಲಿಗೆ. ಚುಚ್ಚುವ ಗಾಜಿನ ಚೂರುಗಳ ಮೇಲೆ ಬಿದ್ದುಕೊಂಡೇ ಅವಳು ಬಾಗಿಲ ಕಡೆ ಕಣ್ಣು ಹಾಯಿಸಿದಳು. ನರ್ಸಮ್ಮ ಇರಲಿಲ್ಲ. ಕಾವಲುಗಾರರು ಬಂದು ಅವನನ್ನು ಕೆಡವಿ, ಬೂಟಿನಿಂದ ಒದ್ದು, ಕೈ ಹಿಂದಕ್ಕೆ ತಿರುಚಿ ಎಳೆದೊಯ್ದರು. ಹನ್ನೆರಡನೆಯ ನಿಮಿಷಕ್ಕೆ ಚೀಲದ ಕೊನೆಯ ಹನಿ ಡ್ರೈವರನ ನರಕ್ಕೆ ಇಳಿದಿತ್ತು. ಹದಿನೇಳನೆಯ ದಿನ ಅವನ ರಕ್ತದಲ್ಲಿ ಅಕ್ಕನ ಬಿಳಿಕಣಗಳು ಕಾಣಿಸಿಕೊಂಡವು.

ಎರಡು ತಿಂಗಳಾದ ಮೇಲೆ ವಿಚಾರಣೆ ನಡೆಯಿತು. ಒಂದು ಮೇಜು, ಅಧಿಕಾರಿ, ಎದುರಿಗೆ ಮೇಡಂ, ಗೋಡೆಯ ಪಕ್ಕ ಪೊಲೀಸಿನವನ ಜೊತೆ ವೆಲ್ಡರ್. ಅವನ ಮುಂದಿನ ಎರಡು ಹಲ್ಲು ಇರಲಿಲ್ಲ.

"ಅಳತೆ ತಪ್ಪಿತ್ತು ಅಂತ ನೀವೇ ಕೂಗಿದ್ದನ್ನ ಕಾವಲಿನವರು ಕೇಳಿದ್ದಾರೆ. ಕಾಗದದಲ್ಲಿ ಸರಿ ಇದೆ. ಯಾವುದು ನಿಜ?" ಎಂದ ಅಧಿಕಾರಿ.

ತಪ್ಪಿತ್ತು ಎಂದರೆ ಹನ್ನೊಂದು ವರ್ಷದ ಲೆಕ್ಕ ಕಸದ ಬುಟ್ಟಿಗೆ. ಹೋಗಲಿ ಎನ್ನಬಹುದಿತ್ತು. ಆದರೆ ಆ ಅಳತೆಯನ್ನು ನಂಬಿ ನಾಳೆ ಮಲಗುವವರಿದ್ದಾರೆ, ಡ್ರೈವರ್ ಈಗಲೂ ಅದೇ ಅಳತೆಯ ಔಷಧಿ ನುಂಗುತ್ತಿದ್ದಾನೆ. ಸರಿ ಇತ್ತು ಎಂದರೆ ಈ ಮನುಷ್ಯನನ್ನು ಅಧಿಕಾರಿಯ ಮುಂದೆ ಎರಡನೆಯ ಸಲ ಕೊಂದಂತೆ. ಜೀವನದಲ್ಲಿ ಮೊದಲ ಬಾರಿಗೆ ನಿಜ ಹೇಳಲು ಅವಳಿಗೆ ಹೆದರಿಕೆಯಾಯಿತು.

"ಅಳತೆ ಸರಿ ಇತ್ತು," ಎಂದಳು ಅವನನ್ನೇ ನೋಡುತ್ತ. "ಆವತ್ತು ಚೀಲ ದಾಟಿಸೋಕೆ ಸುಳ್ಳು ಹೇಳಿದೆ. ಕ್ಷಮಿಸಪ್ಪ."

ವೆಲ್ಡರ್ ತಲೆ ಎತ್ತಿದ. "ಸುಳ್ಳು ಅಂತ ಆವತ್ತು ನಿಮ್ಮ ಮುಖ ನೋಡಿದಾಗ್ಲೇ ಗೊತ್ತಾಯ್ತು ಮೇಡಂ."

"ಗೊತ್ತಿದ್ದೂ ಯಾಕೆ ಹೊಡೆದೆ?"

"ಇನ್ನೇನು ಮಾಡ್ಲಿ? ಅವಳನ್ನ ಸಾಕಿದ್ದು ನಾನು, ಕೊಂದಿದ್ದೂ ನಾನೇ ಅಂತ ಹೇಳಿದ್ದು ನೀವು. ಅವಳದು ಅಂತ ನನಗೆ ಉಳಿದಿರೋದು ಆ ಪಾಪ ಒಂದೇ. ಕೊಂದಿದ್ದು ನಾನು ಅಂತ ಅದನ್ನೂ ಕಿತ್ಕೊಳ್ಳೋಕೆ ಬಂದ್ರಲ್ಲ."

ಅಧಿಕಾರಿ ಅಷ್ಟನ್ನೂ ಬರೆದುಕೊಂಡು ಕಾಗದವನ್ನು ಮೇಡಂ ಕಡೆ ತಳ್ಳಿದ. ಮುರಿದ ಬಲಗೈಯಲ್ಲಿ ಪೆನ್ನು ನಿಲ್ಲದೆ, ಅವಳು ಎಡಗೈಯ ಹೆಬ್ಬೆಟ್ಟು ಒತ್ತಿದಳು.